ನಾದ, ವಿಜ್ಞಾನ, ಅಧ್ಯಾತ್ಮ: ಉಪಮೆಯೋ ಪ್ರಮಾಣವೋ?

೧೯೪೮ರಲ್ಲಿ ರೂಪುಗೊಳ್ಳತೊಡಗಿದ ಜಯನಗರವು ಮೈಸೂರಿನ ಕೊನೆಯ ಅರಸರಾದ ಶ್ರೀ ಜಯಚಾಮರಾಜೇಂದ್ರ ಒಡೆಯರವರ ಹೆಸರನ್ನು ನೆನಪಿಗೆ ತರುವ ಬಡಾವಣೆ. ಆ ಅರಸರು (೧೯೧೯–೧೯೭೪) ರಾಜ್ಯಭಾರವನ್ನಷ್ಟೇ ಮಾಡಿದವರಲ್ಲ. ಶ್ರೀವಿದ್ಯಾ ಅಂಕಿತದಲ್ಲಿ ೯೪ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು ಅವರು. ಪಾಶ್ಚಾತ್ಯ ಸಂಗೀತವನ್ನೂ ಶಾಸ್ತ್ರೋಕ್ತವಾಗಿ ಅಭ್ಯಾಸ ಮಾಡಿ, ೧೯೪೮ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಪ್ರಥಮ ಅಧ್ಯಕ್ಷರಾದವರು. ತತ್ತ್ವಶಾಸ್ತ್ರವನ್ನು ಕುರಿತು ಗ್ರಂಥಗಳನ್ನು ಬರೆದವರು. ಸಂಗೀತ, ಶಾಸ್ತ್ರವಿಚಾರ, ಆತ್ಮಚಿಂತನೆ ಇವು ಮೂರೂ ಒಬ್ಬನೇ ವ್ಯಕ್ತಿಯಲ್ಲಿ ಜಗಳವಿಲ್ಲದೆ ನೆಲೆಸಬಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ಇಂದಿಗೂ ರಾಮನವಮಿಯ ಸಂದರ್ಭದಲ್ಲಿ ಈ ಭಾಗದ ಬೀದಿಗಳಲ್ಲಿ ಸಂಜೆಯ ಹೊತ್ತು ತಂಬೂರಿಯ ಶ್ರುತಿಯೂ ಮೃದಂಗದ ನುಡಿಯೂ ಕೇಳಿಬರುತ್ತವೆ. ಇಂತಹ ನೆರೆಯಲ್ಲಿ ಬೆಳೆಯುವ ಮಕ್ಕಳಿಗೆ ನಾದವೆಂದರೇನು, ಅದಕ್ಕೂ ವಿಜ್ಞಾನಕ್ಕೂ ಇರುವ ನಂಟೇನು, ಅಧ್ಯಾತ್ಮಕ್ಕೂ ಇರುವ ನಂಟೇನು ಎಂಬ ಪ್ರಶ್ನೆಗಳು ಏಳುವುದು ಸಹಜ. ಅವುಗಳಿಗೆ ನೇರವಾದ ಉತ್ತರವನ್ನು ಕೊಡುವುದು ಹಿರಿಯರ ಕರ್ತವ್ಯ.

ಆದರೆ ಈಚಿನ ದಿನಗಳಲ್ಲಿ ಈ ಪ್ರಶ್ನೆಗೆ ಒಂದು ಸುಲಭವಾದ ಉತ್ತರ ಸಿದ್ಧವಾಗಿ ನಿಂತಿದೆ. ವಿಶ್ವವೆಲ್ಲವೂ ಕಂಪನ, ನಾದವೂ ಕಂಪನ, ಓಂಕಾರವೂ ಕಂಪನ, ಆದುದರಿಂದ ನಮ್ಮ ಹಿರಿಯರು ಹೇಳಿದ್ದನ್ನೆಲ್ಲ ಭೌತವಿಜ್ಞಾನವು ಸಾಧಿಸಿ ತೋರಿಸಿದೆ ಎಂಬ ಮಾತು ಸಭೆಗಳಲ್ಲಿಯೂ ಕೈಯೊಳಗಿನ ಫೋನುಗಳಲ್ಲಿಯೂ ಕೇಳಿಬರುತ್ತಿದೆ. ಕೇಳಲು ಹಿತವಾದ ಮಾತಿದು. ಕೇಳಿದವರ ಅಭಿಮಾನ ಉಬ್ಬುತ್ತದೆ, ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ. ಆದರೆ ಹಿತವಾದುದೆಲ್ಲ ಸತ್ಯವಾಗಿರಬೇಕೆಂದಿಲ್ಲ. ಈ ಮಾತಿನಿಂದ ವಿಜ್ಞಾನಕ್ಕೂ ಅನ್ಯಾಯ, ಅಧ್ಯಾತ್ಮಕ್ಕೂ ಅನ್ಯಾಯ. ಉಪಮೆಯಾಗಿ ನಿಲ್ಲಬೇಕಾದುದನ್ನು ಪ್ರಮಾಣವೆಂದು ಮುಂದಿಟ್ಟರೆ ಎರಡೂ ಕೆಡುತ್ತವೆ. ಇವೆರಡರ ನಡುವೆ ನಿಜವಾದ ನಂಟೊಂದು ಇದ್ದೇ ಇದೆ. ಆದರೆ ಅದು ಜನರು ಹುಡುಕುವ ಎಡೆಯಲ್ಲಿಲ್ಲ.

ಮೊದಲು ತಂಬೂರಿಯ ಬಳಿಗೆ ಹೋಗಬೇಕು. ನಾಲ್ಕು ತಂತಿಗಳ ಈ ವಾದ್ಯದಲ್ಲಿ ಸಾಮಾನ್ಯವಾಗಿ ಒಂದು ಪಂಚಮ, ಎರಡು ಷಡ್ಜ, ಒಂದು ಮಂದ್ರ ಷಡ್ಜ. ಷಡ್ಜದ ತಂತಿ ಎರಡು ಬಾರಿ ಕಂಪಿಸುವಷ್ಟರಲ್ಲಿ ಅದರ ಮೇಲಿನ ಪಂಚಮ ಮೂರು ಬಾರಿ, ತಾರಷಡ್ಜ ನಾಲ್ಕು ಬಾರಿ ಕಂಪಿಸುತ್ತದೆ. ಈ ಸರಳವಾದ ಅನುಪಾತಗಳನ್ನೇ ಕಿವಿಯು ಹಿತವೆಂದು ಒಪ್ಪುತ್ತದೆ. ಎರಡು ಷಡ್ಜದ ತಂತಿಗಳಲ್ಲಿ ಒಂದು ಸೆಕೆಂಡಿಗೆ ೧೪೦ ಬಾರಿಯೂ ಇನ್ನೊಂದು ೧೪೨ ಬಾರಿಯೂ ಕಂಪಿಸುತ್ತಿದ್ದರೆ ನಾದವು ಸೆಕೆಂಡಿಗೆ ಎರಡು ಸಲ ಉಬ್ಬಿ ತಗ್ಗುತ್ತದೆ. ಭೌತವಿಜ್ಞಾನದ ಪಠ್ಯಗಳಲ್ಲಿ ಇದಕ್ಕೆ ವಿಸ್ಪಂದವೆಂದು ಹೆಸರು. ಬಿರಡೆಯನ್ನು ತುಸು ತಿರುಗಿಸಿ, ಮಣಿಯನ್ನು ಕೂದಲೆಳೆಯಷ್ಟು ಸರಿಸುತ್ತ ಹೋದಂತೆ ಆ ತೂಗಾಟ ನಿಧಾನವಾಗುತ್ತದೆ, ಮತ್ತಷ್ಟು ನಿಧಾನವಾಗುತ್ತದೆ, ಕೊನೆಗೆ ನಿಂತುಹೋಗುತ್ತದೆ. ಎರಡು ತಂತಿಗಳು ಒಂದೇ ತಂತಿಯಂತೆ ನುಡಿಯುತ್ತವೆ. ವಿಸ್ಪಂದವೆಂಬ ಪದವನ್ನೇ ಕೇಳದ ಸಂಗೀತಗಾರನೂ ಶತಮಾನಗಳಿಂದ ಈ ಪರೀಕ್ಷೆಯನ್ನು ದಿನವೂ ಮಾಡುತ್ತ ಬಂದಿದ್ದಾನೆ.

ಇನ್ನೊಂದು ವಿಸ್ಮಯವೂ ಅಲ್ಲಿದೆ. ಚೆನ್ನಾಗಿ ಶ್ರುತಿಗೂಡಿಸಿದ ತಂಬೂರಿಯನ್ನು ಮೀಟುತ್ತಿದ್ದರೆ ಸ್ವಲ್ಪ ಹೊತ್ತಿನಲ್ಲಿ ಅಂತರ ಗಾಂಧಾರವು ಕೇಳಿಸತೊಡಗುತ್ತದೆ. ಗಾಂಧಾರಕ್ಕೆಂದು ಯಾವ ತಂತಿಯನ್ನೂ ಕಟ್ಟಿಲ್ಲ, ಯಾರೂ ಅದನ್ನು ಮೀಟಿಲ್ಲ. ಆದರೂ ಅದು ಅಲ್ಲಿದೆ! ನಮ್ಮ ಸಂಗೀತಜ್ಞರು ಇದನ್ನು ಸ್ವಯಂಭೂ ಸ್ವರವೆಂದು ಕರೆದರು. ಪವಾಡಪ್ರಿಯನಾದ ವಾಗ್ಮಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇರೆ ಬೇಕೆ? ಇದೇ ಅನಾಹತ ನಾದವೆಂದು ಸಾರಿಬಿಡಬಹುದು. ಆದರೆ ವಿಜ್ಞಾನವು ಶಾಂತವಾಗಿ ಹೇಳುವುದಿಷ್ಟು: ಒಂದು ತಂತಿ ಕಂಪಿಸುವಾಗ ಅದು ಇಡಿಯಾಗಿಯೂ ಕಂಪಿಸುತ್ತದೆ, ಎರಡು, ಮೂರು, ನಾಲ್ಕು, ಐದು ಸಮಭಾಗಗಳಾಗಿಯೂ ಕಂಪಿಸುತ್ತದೆ. ಐದು ಭಾಗಗಳಾಗಿ ಕಂಪಿಸಿದಾಗ ಹುಟ್ಟುವ ಸ್ವರವೇ ಈ ಗಾಂಧಾರ. ಕಾರಣ ತಿಳಿದ ಮಾತ್ರಕ್ಕೆ ಕೇಳುವವನ ಆನಂದವೇನೂ ಕುಂದುವುದಿಲ್ಲ. ಹೂವಿನ ಎಸಳುಗಳನ್ನು ಎಣಿಸಿದವನಿಗೂ ಅದರ ಪರಿಮಳ ದೊರೆಯುತ್ತದೆ.

ತಂಬೂರಿಯ ಈ ಗುಣವನ್ನು ವಿಜ್ಞಾನದ ಕಣ್ಣಿನಿಂದ ನೋಡಿದವರಲ್ಲಿ ಅಗ್ರಗಣ್ಯರು ಸರ್ ಸಿ. ವಿ. ರಾಮನ್. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಕೇಳಿಬರಬಾರದೆಂಬುದು ಯೂರೋಪಿನ ವಿಜ್ಞಾನಿಗಳಾದ ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಅವರ ಹೆಸರಿನಲ್ಲಿರುವ ನಿಯಮ. ೧೯೨೧ರಲ್ಲಿ ಪ್ರಕಟಿಸಿದ ಲೇಖನದಲ್ಲಿ ರಾಮನ್ನರು ವೀಣೆ ಮತ್ತು ತಂಬೂರಿಗಳು ಈ ನಿಯಮಕ್ಕೆ ಕಟ್ಟುಬೀಳುವುದಿಲ್ಲವೆಂದು ತೋರಿಸಿದರು. ಇದಕ್ಕೆ ಕಾರಣ ವಾದ್ಯದ ಕುದುರೆ. ಅದು ಚೂಪಾಗಿರದೆ ಹದವಾಗಿ ಬಾಗಿದ ಅಗಲವಾದ ಮೈಯುಳ್ಳದ್ದು. ತಂಬೂರಿಯಲ್ಲಂತೂ ತಂತಿಗೂ ಕುದುರೆಗೂ ನಡುವೆ ಒಂದು ನೂಲಿನ ಎಳೆಯನ್ನಿಟ್ಟು ನಾದಕ್ಕೆ ಜೀವ ತುಂಬುತ್ತಾರೆ. ಒಂದು ನೂಲೆಳೆ ಅತ್ತಿತ್ತ ಸರಿದರೆ ತಂಬೂರಿ ಮೂಕವಾಗುತ್ತದೆ. ಸರಿಯಾದ ನೆಲೆಗೆ ಬಂದರೆ ಉಪಸ್ವರಗಳೆಲ್ಲ ಅರಳುತ್ತವೆ.

ಮೃದಂಗದ ಕಥೆ ಇನ್ನೂ ಸ್ವಾರಸ್ಯಕರವಾದುದು. ಬಿಗಿದ ಚರ್ಮದ ದುಂಡು ಹಾಳೆಯೊಂದನ್ನು ಬಡಿದರೆ ಅದರ ಉಪಸ್ವರಗಳು ಮೂಲಸ್ವರದ ೧.೫೯, ೨.೧೪, ೨.೩೦ ಪಟ್ಟು ಹೀಗೆ ಅಡ್ಡಾದಿಡ್ಡಿಯಾಗಿ ಹರಡಿರುತ್ತವೆ. ಆದುದರಿಂದ ಸಾಮಾನ್ಯ ಚರ್ಮವಾದ್ಯದಿಂದ ಶಬ್ದವು ಹೊರಡುತ್ತದೆಯೇ ಹೊರತು ಸ್ವರವು ಹೊರಡುವುದಿಲ್ಲ. ಆದರೆ ಮೃದಂಗ, ತಬಲಾಗಳು ಶ್ರುತಿಗೆ ನಿಲ್ಲುತ್ತವೆ. ೧೯೨೦ರಲ್ಲಿ ರಾಮನ್ನರು ಶಿವಕಾಳಿ ಕುಮಾರರೊಡನೆ 'ನೇಚರ್' ಪತ್ರಿಕೆಯಲ್ಲಿ ಈ ವಿಷಯವನ್ನು ಜಗತ್ತಿನ ಗಮನಕ್ಕೆ ತಂದರು. ೧೯೩೩ರಲ್ಲಿ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾದ ಮೇಲೆ, ೧೯೩೪ರಲ್ಲಿ ತಾವೇ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯ ಮೊದಲ ಸಂಪುಟದಲ್ಲಿಯೇ ಈ ವಿಚಾರವನ್ನು ವಿಸ್ತಾರವಾಗಿ ಮಂಡಿಸಿದರು. ಚರ್ಮದ ಒಂಬತ್ತು ಬಗೆಯ ಕಂಪನಗಳು ಒಂದರೊಡನೊಂದು ಕೂಡಿಕೊಂಡು ಐದು ಶುದ್ಧವಾದ ಸಂಗತ ಸ್ವರಗಳಾಗಿ ಅಣಿಗೊಳ್ಳುವುದನ್ನು ಅವರು ಕಂಡರು. ಚರ್ಮದ ಮೇಲೆ ನುಣ್ಣಗಿನ ಮರಳನ್ನು ಉದುರಿಸಿ, ಅದು ರೇಖೆಗಳಾಗಿ ನಿಲ್ಲುವುದನ್ನು ನೋಡಿ ಆ ಕಂಪನಗಳ ರೂಪಗಳನ್ನು ಗುರುತಿಸಿದರು. ೧೯೫೪ರಲ್ಲಿ ವಿಜ್ಞಾನ ಮಂದಿರದಲ್ಲಿದ್ದ ಬಿ. ಎಸ್. ರಾಮಕೃಷ್ಣ ಮತ್ತು ಮನಮೋಹನ ಸೋಂಧಿಯವರು ಈ ಚರ್ಮವನ್ನು ನಡುವೆ ಭಾರವಾಗಿಯೂ ಸುತ್ತ ಹಗುರವಾಗಿಯೂ ಇರುವ ಸಂಯುಕ್ತ ಹಾಳೆಯೆಂದು ಭಾವಿಸಿ ಗಣಿತದಿಂದ ವಿವರಿಸಿದರು.

ಈ ಗುಟ್ಟೆಲ್ಲ ಅಡಗಿರುವುದು ಬಲಗಡೆಯ ಮುಖದ ನಡುವಿನ ಕಪ್ಪು ಕರಣೆಯಲ್ಲಿ. ಕಿಟ್ಟದ ಪುಡಿಯನ್ನು ಅನ್ನದೊಡನೆ ಅರೆದು, ತೆಳುವಾದ ಪದರವೊಂದನ್ನು ಹಚ್ಚಿ, ಕಲ್ಲಿನಿಂದ ಉಜ್ಜಿ, ಒಣಗಿಸಿ, ಮತ್ತೆ ಪದರ ಹಚ್ಚಿ, ನಡುವೆ ನಡುವೆ ಬೆರಳಿನಿಂದ ತಟ್ಟಿ ಕೇಳುತ್ತ ಕುಳಿತ ಕುಶಲಕರ್ಮಿಯ ಚಿತ್ರವನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಬೇಕು. ರಾಮನ್ನರ ಲೇಖನಕ್ಕೆ ಶತಮಾನಗಳ ಮೊದಲೇ ಈ ಸಮಸ್ಯೆಯನ್ನು ಬಿಡಿಸಿದವನು ಅವನು. ಒಂದು ಪದರ ಹಚ್ಚಿ ಕೇಳಿದ, ತಪ್ಪಿದ್ದರೆ ತೆಗೆದ, ಮತ್ತೆ ಹಚ್ಚಿ ಕೇಳಿದ. ಪ್ರಯೋಗವೆಂದರೆ ಇದಲ್ಲದೆ ಮತ್ತೇನು? ಆದರೆ ಅವನ ಹೆಸರನ್ನು ಯಾವ ಶಾಸ್ತ್ರಗ್ರಂಥವೂ ಬರೆದಿಡಲಿಲ್ಲ. ಚರ್ಮವನ್ನು ಮುಟ್ಟಿ ದುಡಿಯುವನೆಂಬ ಕಾರಣಕ್ಕೆ ಅವನನ್ನು ಸಮಾಜವು ದೂರವಿಟ್ಟಿತು. ಮೃದಂಗ ದೇವಾಲಯದೊಳಗೆ ಹೋಯಿತು, ಮಾಡಿದವನು ಹೊರಗೆ ನಿಂತ. ನಾದವು ದೈವವೆಂದು ಹಾಡಿದ ಸಭೆಯೇ ನಾದದ ಕರ್ತನನ್ನು ಪಂಕ್ತಿಗೆ ಸೇರಿಸಲಿಲ್ಲ. ಕಂಪನದ ಮಹಿಮೆಯನ್ನು ಕುರಿತ ಉಪನ್ಯಾಸಗಳಲ್ಲಿ ಈ ಮಾತು ಬರುವುದೇ ಇಲ್ಲ. ಹನ್ನೆರಡನೆಯ ಶತಮಾನದಲ್ಲಿ ಮಾದಾರ ಚೆನ್ನಯ್ಯನವರನ್ನೂ ಸಮಗಾರ ಹರಳಯ್ಯನವರನ್ನೂ ತಮ್ಮವರೆಂದು ಎದೆಗಪ್ಪಿಕೊಂಡ ಶರಣರ ಪರಂಪರೆಯಲ್ಲಿ ಓದುವ ಮಕ್ಕಳಿಗಾದರೂ ಇದು ತಿಳಿದಿರಬೇಕು. ಸ್ವರಗಳ ಸಾಮರಸ್ಯವನ್ನು ಮೆಚ್ಚಿ ಮನುಷ್ಯರ ಸಾಮರಸ್ಯವನ್ನು ಮರೆತ ಸಂಗೀತಕ್ಕೆ ಅಧ್ಯಾತ್ಮವೆಂಬ ಹೆಸರು ಒಪ್ಪುವುದೆ?

ಇನ್ನು ಆ ಸುಲಭವಾದ ಉತ್ತರವನ್ನು ಪರೀಕ್ಷಿಸೋಣ. ಭೌತವಿಜ್ಞಾನದಲ್ಲಿ ಕಂಪನವೆಂಬ ಪದಕ್ಕೆ ಖಚಿತವಾದ ಅರ್ಥವಿದೆ. ಏನು ಕಂಪಿಸುತ್ತಿದೆ, ಸೆಕೆಂಡಿಗೆ ಎಷ್ಟು ಬಾರಿ, ಯಾವ ಮಾಧ್ಯಮದಲ್ಲಿ ಎಂಬ ಪ್ರಶ್ನೆಗಳಿಗೆ ಉತ್ತರವಿದ್ದರೆ ಮಾತ್ರ ಅದು ವಿಜ್ಞಾನದ ಮಾತು. ಶಬ್ದಕ್ಕೆ ಗಾಳಿಯೋ ನೀರೋ ಲೋಹವೋ ಬೇಕು. ನಿರ್ವಾತದಲ್ಲಿ ಅದು ಸಾಗಲಾರದು. ಬೆಳಕಿಗೆ ಅಂತಹ ಮಾಧ್ಯಮ ಬೇಡ. ಎರಡನ್ನೂ ತರಂಗವೆಂದು ಕರೆದ ಮಾತ್ರಕ್ಕೆ ಎರಡೂ ಒಂದೇ ಆಗುವುದಿಲ್ಲ. ಹೀಗಿರುವಾಗ ಮನಸ್ಸಿನ ನೆಮ್ಮದಿಯನ್ನೂ ಮನೆಯ ವಾತಾವರಣವನ್ನೂ ಕಂಪನವೆಂದು ಕರೆದು, ಅದಕ್ಕೆ ಪರಮಾಣುವಿಜ್ಞಾನದ ಸಾಕ್ಷಿ ಹೇಳುವುದು ಪದದ ದುರುಪಯೋಗ.

ಅನಾಹತವೆಂಬ ಪದವನ್ನೇ ನೋಡಬಹುದು. ಆಹತವೆಂದರೆ ಹೊಡೆದುದರಿಂದ ಹುಟ್ಟಿದ್ದು. ಅನಾಹತವೆಂದರೆ ಹೊಡೆಯದೆ ಇರುವುದು. ಕಿವಿಗೆ ಬೀಳುವ ನಾದ ಬೇರೆ, ತಾವು ಹೇಳುತ್ತಿರುವುದು ಬೇರೆ ಎಂದು ಸ್ಪಷ್ಟಪಡಿಸುವುದಕ್ಕಾಗಿಯೇ ಯೋಗಿಗಳು ಈ ಹೆಸರನ್ನಿಟ್ಟರು. ಹಾಗಿರುವಾಗ ಅದನ್ನು ಯಂತ್ರದಿಂದ ಅಳೆದು ತೋರಿಸಿದೆವೆಂದು ಹೇಳುವವರು ವಿಜ್ಞಾನವನ್ನು ತಿಳಿದವರೂ ಅಲ್ಲ, ಯೋಗವನ್ನು ತಿಳಿದವರೂ ಅಲ್ಲ. ಹಾಗೆಯೇ ಸೆಕೆಂಡಿಗೆ ೪೩೨ ಕಂಪನಗಳ ಸ್ವರವೊಂದು ಪ್ರಕೃತಿಗೆ ಪ್ರಿಯವೆಂಬ ಪ್ರಚಾರವೂ ನಡೆದಿದೆ. ಸೆಕೆಂಡು ಎಂಬುದು ಮನುಷ್ಯನು ತನ್ನ ಅನುಕೂಲಕ್ಕಾಗಿ ಹಗಲಿರುಳನ್ನು ಹಂಚಿಕೊಂಡ ಅಳತೆ. ಆ ಅಳತೆ ಬೇರೆಯಾಗಿದ್ದರೆ ಆ ಸಂಖ್ಯೆಯೂ ಬೇರೆಯಾಗುತ್ತಿತ್ತು. ಪಾಶ್ಚಾತ್ಯರು ೧೯೩೯ರಲ್ಲಿ ಲಂಡನ್ನಿನಲ್ಲಿ ಸೇರಿ ೪೪೦ ಎಂದು ಗೊತ್ತುಮಾಡಿಕೊಂಡುದೂ ವಾದ್ಯಗಳ ಹೊಂದಾಣಿಕೆಗಾಗಿಯೇ. ನಮ್ಮ ಸಂಗೀತದಲ್ಲಂತೂ ಹಾಡುವವರು ತಮ್ಮ ತಮ್ಮ ಕಂಠಕ್ಕೆ ತಕ್ಕ ಶ್ರುತಿಯನ್ನು ಆರಿಸಿಕೊಳ್ಳುತ್ತಾರೆ. ಸಂಖ್ಯೆ ಯಾವುದಾದರೇನು, ಸ್ವರಸ್ವರಗಳ ಸಂಬಂಧ ಶುದ್ಧವಾಗಿದ್ದರೆ ಸಾಕು. ನಮ್ಮ ಹಿರಿಯರ ಈ ವಿವೇಕವನ್ನು ಬಿಟ್ಟು ಎಲ್ಲಿಂದಲೋ ಬಂದ ಮಂತ್ರಸಂಖ್ಯೆಗೆ ಮರುಳಾಗುವುದು ತರವಲ್ಲ.

ಇದು ಕೇವಲ ಪದಗಳ ಜಗಳವೆಂದು ಕೆಲವರು ತಳ್ಳಿಹಾಕಬಹುದು. ಹಾಗಲ್ಲ. ಸಂಗೀತವು ಮನಸ್ಸಿನ ಕಳವಳವನ್ನು ತಗ್ಗಿಸುತ್ತದೆ, ರೋಗಿಗೆ ಸಮಾಧಾನವನ್ನು ಕೊಡುತ್ತದೆ ಎಂಬುದು ಅನುಭವದ ಮಾತು; ವೈದ್ಯರೂ ಅದನ್ನು ಚಿಕಿತ್ಸೆಗೆ ಪೂರಕವಾಗಿ ಬಳಸುವುದುಂಟು. ಆದರೆ ಕಂಪನದಿಂದಲೇ ರೋಗ ನಿರ್ಮೂಲವಾಗುವುದೆಂಬ ಮಾತನ್ನು ನಂಬಿ ಔಷಧವನ್ನು ನಿಲ್ಲಿಸಿದರೆ ಆಗುವ ನಷ್ಟ ಪ್ರಾಣದ್ದು. ಮಕ್ಕಳ ವಿಷಯದಲ್ಲಿ ಆಗುವ ನಷ್ಟ ಇನ್ನೊಂದು ಬಗೆಯದು. ತರಗತಿಯಲ್ಲಿ ಪ್ರಮಾಣ ಕೇಳು ಎಂದು ಕಲಿತ ಮಗು ಸಭೆಯಲ್ಲಿ ಪ್ರಮಾಣ ಕೇಳಬೇಡ ಎಂಬ ಪಾಠವನ್ನು ಕಲಿಯುತ್ತದೆ. ಮುಂದೊಂದು ದಿನ ಆ ಮಾತು ಪೊಳ್ಳೆಂದು ತಿಳಿದಾಗ ಅದರೊಡನೆ ಅಧ್ಯಾತ್ಮವನ್ನೂ ಎಸೆದುಬಿಡುತ್ತದೆ. ವಿಜ್ಞಾನದ ಸಿದ್ಧಾಂತಗಳು ಹೊಸ ಸಾಕ್ಷ್ಯ ಬಂದಂತೆ ಮಾರ್ಪಡುತ್ತವೆ. ಅವುಗಳ ಮೇಲೆ ಭಕ್ತಿಯ ಮನೆಯನ್ನು ಕಟ್ಟಿದವರು ಅವು ಮಾರ್ಪಟ್ಟ ದಿನ ಎಲ್ಲಿ ನಿಲ್ಲುತ್ತಾರೆ?

ಶರಣರು ಈ ವಿಚಾರದಲ್ಲಿ ಆಶ್ಚರ್ಯವಾಗುವಷ್ಟು ಸ್ಪಷ್ಟವಾಗಿದ್ದರು. ತನ್ನ ಶರೀರವನ್ನೇ ತಂತಿವಾದ್ಯವನ್ನಾಗಿ ಮಾಡಿ ನುಡಿಸಿಕೊಳ್ಳೆಂದು ಕೂಡಲಸಂಗಮದೇವನನ್ನು ಬೇಡುವ ಬಸವಣ್ಣನವರ ವಚನವನ್ನು ಅರಿಯದ ಕನ್ನಡಿಗರಿಲ್ಲ. ಅದು ಉಪಮೆ, ಅದಕ್ಕಿಂತ ಎತ್ತರದ ಉಪಮೆ ಕನ್ನಡದಲ್ಲಿ ವಿರಳ. ಆದರೆ ಅದೇ ಬಸವಣ್ಣನವರು ಇನ್ನೊಂದು ವಚನದಲ್ಲಿ ಶಿವನು ನಾದಪ್ರಿಯನೆಂಬ ಮಾತನ್ನೇ ನಿರಾಕರಿಸುತ್ತಾರೆ. ನಾದದಿಂದ ಶಿವನನ್ನು ಮೆಚ್ಚಿಸಿದ ರಾವಣನ ಗತಿ ಏನಾಯಿತೆಂದು ನೆನಪಿಸಿ, ನಾದವೂ ಅಲ್ಲ, ವೇದವೂ ಅಲ್ಲ, ಭಕ್ತಿಯೇ ಅವನಿಗೆ ಪ್ರಿಯವೆಂದು ತೀರ್ಮಾನಿಸುತ್ತಾರೆ. ಮತ್ತೊಂದೆಡೆ ತಮಗೆ ತಾಳದ ಲೆಕ್ಕವೂ ತಿಳಿಯದೆಂದು ಒಪ್ಪಿಕೊಂಡು, ಒಲಿದಂತೆ ಹಾಡುವುದಾಗಿ ಹೇಳುತ್ತಾರೆ. ಈ ಮೂರನ್ನೂ ಒಟ್ಟಿಗೆ ಓದಿದಾಗ ಶರಣರ ನಿಲುವು ತಿಳಿಯುತ್ತದೆ. ನಾದವು ಸಾಧನ, ಅದು ಸಾಧ್ಯವಲ್ಲ. ಸ್ವರವು ಎಷ್ಟೇ ಶುದ್ಧವಾಗಿದ್ದರೂ ಹಾಡುವವನ ನಡೆ ಅಶುದ್ಧವಾಗಿದ್ದರೆ ಅದಕ್ಕೆ ಬೆಲೆಯಿಲ್ಲ. ಕಂಪನಕ್ಕೆ ತಾನೇ ತಾನಾಗಿ ಉದ್ಧರಿಸುವ ಶಕ್ತಿಯಿದ್ದಿದ್ದರೆ ರಾವಣನು ಉದ್ಧಾರವಾಗಬೇಕಿತ್ತು!

ಹಾಗಾದರೆ ನಿಜವಾದ ನಂಟು ಯಾವುದು? ಅದನ್ನು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಾಣಬಹುದು. ಹುಟ್ಟಿನಿಂದಲೇ ದೃಷ್ಟಿಯಿಲ್ಲದ ಬಾಲಕನೊಬ್ಬನ ಕಂಠವನ್ನು ಗುರುತಿಸಿ ಅವನಿಗೆ ಸಂಗೀತವಿದ್ಯೆಯನ್ನು ಕೊಡಿಸಿದವರು ಹಾನಗಲ್ಲ ಕುಮಾರ ಶಿವಯೋಗಿಗಳು (೧೮೬೭–೧೯೩೦). ಆ ಬಾಲಕನೇ ಮುಂದೆ ಕರ್ನಾಟಕ, ಹಿಂದೂಸ್ತಾನಿ ಎರಡೂ ಪದ್ಧತಿಗಳಲ್ಲಿ ಪಾರಂಗತರಾದ ಪಂಚಾಕ್ಷರ ಗವಾಯಿಗಳು (೧೮೯೨–೧೯೪೪). ಅಂಧರೂ ಅನಾಥರೂ ಆದ ಮಕ್ಕಳನ್ನು ಜಾತಿಯನ್ನೆಣಿಸದೆ ಕೂಡಿಸಿಕೊಂಡು, ಜೋಳಿಗೆ ಹಿಡಿದು, ನಾಟಕ ಮಂಡಳಿಯನ್ನು ನಡೆಸಿ ಅವರ ಹೊಟ್ಟೆಗೂ ವಿದ್ಯೆಗೂ ದಾರಿ ಮಾಡಿದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ಆ ಕಾರ್ಯವನ್ನು ಆರು ದಶಕಗಳಿಗೂ ಮಿಕ್ಕಿ ಮುಂದುವರಿಸಿದರು. ಅಲ್ಲಿ ಕಲಿತ ಮಗು ಬಿರಡೆಯನ್ನು ತಿರುಗಿಸುತ್ತ ವಿಸ್ಪಂದವು ನಿಲ್ಲುವ ಕ್ಷಣವನ್ನು ಕಿವಿಯಿಂದಲೇ ಹಿಡಿಯಿತು. ಆ ಮಗುವಿಗೆ ಯಾರೂ ವಿಶ್ವಕಂಪನದ ಕಥೆಯನ್ನು ಹೇಳಬೇಕಾಗಲಿಲ್ಲ. ಸರಿಯಾದ ಸ್ವರ ಬರುವವರೆಗೆ ಕೇಳು, ತಪ್ಪಾದರೆ ಒಪ್ಪಿಕೋ, ಮತ್ತೆ ತಿದ್ದು ಎಂಬ ಶಿಸ್ತೇ ಅದರ ಪಾಲಿಗೆ ವಿಜ್ಞಾನವೂ ಆಯಿತು, ಯೋಗವೂ ಆಯಿತು. ಭಿಕ್ಷೆಗೆ ಚಾಚಬೇಕಾಗಿದ್ದ ಕೈಗೆ ತಬಲಾ, ಹಾರ್ಮೋನಿಯಂ ಬಂದವು. ಬದುಕಿಗೆ ಮರ್ಯಾದೆ ಬಂದಿತು. ನಾದದಿಂದ ಜೀವವು ಉದ್ಧಾರವಾಗುವುದೆಂದರೆ ಇದೇ. ಇದಕ್ಕೆ ಪವಾಡದ ಸಾಕ್ಷಿಯೂ ಬೇಡ, ಪ್ರಯೋಗಾಲಯದ ಸಾಕ್ಷಿಯೂ ಬೇಡ.

ವಿಜ್ಞಾನಿಯೂ ಸಾಧಕನೂ ಗಾಯಕನೂ ಕೂಡುವ ಎಡೆ ಇದು. ಮೂವರೂ ಮೊದಲು ಕೇಳಿಸಿಕೊಳ್ಳಬೇಕು. ತಮ್ಮ ಇಷ್ಟವನ್ನು ಬದಿಗಿಟ್ಟು ಇರುವುದನ್ನು ಇರುವಂತೆ ಗ್ರಹಿಸಬೇಕು. ಮೂವರೂ ತಪ್ಪನ್ನು ತಪ್ಪೆಂದು ಒಪ್ಪಿ ತಿದ್ದಿಕೊಳ್ಳಬೇಕು. ಮೂವರೂ ತಾವು ಪಡೆದುದನ್ನು ಇತರರಿಗೆ ಹಂಚಬೇಕು. ಲಿಂಗಾಂಗ ಸಾಮರಸ್ಯವೆಂಬ ಮಾತನ್ನು ವಿವರಿಸುವಾಗ ಎರಡು ತಂತಿಗಳ ತೂಗಾಟ ನಿಂತು ಒಂದೇ ನಾದವಾಗುವ ದೃಷ್ಟಾಂತವನ್ನು ಧಾರಾಳವಾಗಿ ಕೊಡಬಹುದು. ಕೇಳುವ ಮಗುವಿನ ಮನಸ್ಸಿಗೆ ಅದು ಬೇಗ ನಾಟುತ್ತದೆ. ಆದರೆ ಇದು ಉಪಮೆಯೆಂದು ಕೂಡಲೇ ಹೇಳುವ ಪ್ರಾಮಾಣಿಕತೆ ಬೋಧಕನಲ್ಲಿರಬೇಕು.

ಶಾಲೆಗಳು ಇದಕ್ಕಾಗಿ ದೊಡ್ಡ ವೆಚ್ಚವನ್ನೇನೂ ಮಾಡಬೇಕಾಗಿಲ್ಲ. ಶಬ್ದವನ್ನು ಕುರಿತ ಪಾಠದ ದಿನ ಒಂದು ತಂಬೂರಿಯನ್ನು ವಿಜ್ಞಾನದ ತರಗತಿಗೆ ತಂದು, ಒಂದು ತಂತಿಯನ್ನು ಬೇಕೆಂದೇ ಸಡಿಲಿಸಿ, ಶ್ರುತಿಗೂಡಿಸುವ ಕೆಲಸವನ್ನು ಮಕ್ಕಳಿಗೇ ಬಿಡಬೇಕು. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಬೆಂಗಳೂರಿನಲ್ಲಿಯೇ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ತಯಾರಾಯಿತು. ಇಂದು ಫೋನಿನಲ್ಲಿಯೂ ಶ್ರುತಿ ದೊರೆಯುತ್ತದೆ. ತಂಬೂರಿಯನ್ನು ಕೊಳ್ಳಲಾರದ ಮನೆಗಳಿಗೆ ಅದರಿಂದ ಮಹದುಪಕಾರವಾಗಿದೆಯೆಂಬುದನ್ನು ಮರೆಯಬಾರದು. ಆದರೆ ಸಿದ್ಧವಾದ ಶ್ರುತಿಯನ್ನು ಕೇಳುವುದು ಬೇರೆ, ಶ್ರುತಿಯನ್ನು ಕೂಡಿಸುವುದು ಬೇರೆ. ಎರಡನೆಯದರಲ್ಲಿ ಮಾತ್ರ ಕಿವಿ ಬೆಳೆಯುತ್ತದೆ. ೨೦೧೯ರಲ್ಲಿ ಜೆ. ಪಿ. ನಗರದ ಏಳನೆಯ ಹಂತದಲ್ಲಿ ತೆರೆದ ಭಾರತೀಯ ಸಂಗೀತ ವಸ್ತುಸಂಗ್ರಹಾಲಯದ ನಾದೋದ್ಯಾನದಲ್ಲಿ ಮಕ್ಕಳು ತಾವೇ ತಟ್ಟಿ, ಮೀಟಿ ಕೇಳಬಹುದಾದ ವಾದ್ಯರೂಪಗಳಿವೆ. ಜಯನಗರದಿಂದ ಅದು ದೂರವೇನಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಮೃದಂಗಕ್ಕೆ ಕರಣೆ ಹಾಕುವ ಕುಶಲಕರ್ಮಿಯೊಬ್ಬರನ್ನು ಶಾಲೆಗೆ ಬರಮಾಡಿಕೊಂಡು, ಅತಿಥಿಗಳ ಪೀಠದಲ್ಲಿ ಕುಳ್ಳಿರಿಸಿ, ಅವರ ಕೆಲಸವನ್ನು ಅವರ ಬಾಯಿಂದಲೇ ಕೇಳಬೇಕು. ಆ ದಿನ ಮಕ್ಕಳಿಗೆ ಭೌತವಿಜ್ಞಾನದ ಪಾಠವೂ ಆಗುತ್ತದೆ, ಶರಣಧರ್ಮದ ಪಾಠವೂ ಆಗುತ್ತದೆ.

ಶ್ರುತಿಶುದ್ಧಿಯನ್ನು ಅಳೆಯಲು ಯಂತ್ರವಿದೆ. ಚಿತ್ತಶುದ್ಧಿಯನ್ನು ಅಳೆಯಲು ಯಂತ್ರವಿಲ್ಲ. ನಡೆಯೊಂದೇ ಅದಕ್ಕೆ ಒರೆಗಲ್ಲು. ನುಡಿಗೂ ನಡೆಗೂ ನಡುವಣ ವಿಸ್ಪಂದವು ನಿಲ್ಲುವವರೆಗೆ ತನ್ನ ಬಿರಡೆಯನ್ನು ತಾನೇ ತಿರುಗಿಸಿಕೊಳ್ಳುವ ತಾಳ್ಮೆಯನ್ನು ನಮ್ಮ ಮಕ್ಕಳು ಕಲಿಯುವಂತಾಗಲಿ. ಆಗ ವಿಜ್ಞಾನವೂ ಅಧ್ಯಾತ್ಮವೂ ಒಂದನ್ನೊಂದು ಸಾಕ್ಷಿಗೆ ಕರೆಯದೆ, ಷಡ್ಜ ಪಂಚಮಗಳಂತೆ ತಮ್ಮ ತಮ್ಮ ಸ್ಥಾನದಲ್ಲಿ ನಿಂತು ಒಂದೇ ಶ್ರುತಿಯಲ್ಲಿ ನುಡಿಯುವುವು.